ಹಂಗಾಮಿ ಅತ್ತೆ

ಮೊನ್ನೆ ಕಡೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಕೊಳ್ಳಲು ನಿಂತಿದ್ದೆ. ಹೂವಿನ ಹೆಂಗಸು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿ ಬಿಳಿ ಹೂವಿನ ಮಾಲೆ ಎತ್ತಿ ತೋರಿಸಿದಳು. ಸಂಜೆ ನೆಂಟರ ಮನೆಯ ನಾಮಕರಣಕ್ಕೆ ಹೋಗುವುದಿತ್ತು. ಅಲ್ಲಿಯವರೆಗೆ ಬಾಡದೆ ಇದ್ದೀತೇ ಎಂದು ತಿಳಿದುಕೊಳ್ಳಲು, "ಇದು ಹಂಗಾಮಿ ಹೂವೇನಮ್ಮ?" ಎಂದು ಕೇಳಿದೆ. ಆಕೆ ಬುಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹಂಗಾಮಿ ಇಲ್ಲ ಕಣ್ರೀ, ಇರೋದು ಕಾಕಡ ಒಂದೇ" ಎಂದಳು. ಜೊತೆಗಿದ್ದ ಮಗಳು ಬಸ್ ಹತ್ತಿ ಕೂತ ಮೇಲೂ ನಗುತ್ತಲೇ ಇದ್ದಳು.

ತಪ್ಪು ಹೂವಿನವಳದಲ್ಲ. ಹೆಚ್ಚು ದಿನ ಬಾಳದ್ದನ್ನೆಲ್ಲ ಹಂಗಾಮಿ ಎಂದು ಕರೆಯುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ನೀರು ನಿಂತ ಡಬ್ಬಿಯಲ್ಲಿ ಕರಗುವ ಸೋಪು ಹಂಗಾಮಿ. ಈಗ ತಾನೇ ಎಣ್ಣೆಯಿಂದ ತೆಗೆದ ಹಪ್ಪಳದ ಗರಿಗರಿ ಹಂಗಾಮಿ. ಪ್ರತಿ ಯುಗಾದಿಗೂ ನಾನು ಶುರುಮಾಡುವ ಬೆಳಗಿನ ವಾಕಿಂಗ್ ಹಂಗಾಮಿ, ಅದು ಇಂದಿನವರೆಗೂ ಖಾಯಂ ಆಗಿಲ್ಲ. ಯಜಮಾನರ ಮೇಲೆ ನನಗೆ ಬರುವ ಸಿಟ್ಟು ಕೂಡ ಹಂಗಾಮಿಯೇ, ಅವರು ಕಾಫಿ ಮಾಡಿ ತಂದಿಡುವವರೆಗೆ. ಕ್ಷಣಿಕ, ನಶ್ವರ ಎಂಬ ದೊಡ್ಡ ಪದಗಳಿರುವುದು ನನಗೆ ಗೊತ್ತಿಲ್ಲದೆ ಇಲ್ಲ. ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳು. ಆದರೆ ಆ ಪದಗಳನ್ನು ಆಡಿದ ಕೂಡಲೇ ಪ್ರವಚನಕ್ಕೆ ಕೂತ ಹಾಗಾಗಿ ಮುಖ ತಾನಾಗಿ ಗಂಟಿಕ್ಕಿಕೊಳ್ಳುತ್ತದೆ. ಹಂಗಾಮಿಗೆ ಆ ಭಾರವಿಲ್ಲ.

ಈ ಪದ ನಮ್ಮ ಮನೆಗೆ ಬಂದದ್ದು ಕಂದು ಬಣ್ಣದ ಸರ್ಕಾರಿ ಲಕೋಟೆಯೊಳಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾವಿದ್ದದ್ದು ಅಜ್ಜಂಪುರದಲ್ಲಿ. ಅಪ್ಪಾಜಿ ಅಲ್ಲಿನ ಕಂದಾಯದ ಕಚೇರಿಯಲ್ಲಿ ಹಂಗಾಮಿ ಗುಮಾಸ್ತರು. ಆರಾರು ತಿಂಗಳಿಗೊಮ್ಮೆ ತರೀಕೆರೆಯಿಂದ ಲಕೋಟೆ ಬರುತ್ತಿತ್ತು. ಇನ್ನಾರು ತಿಂಗಳು ಮುಂದುವರಿಸಲಾಗಿದೆ ಎಂಬ ಒಂದು ಸಾಲು ಅದರಲ್ಲಿರುತ್ತಿತ್ತು. ಲಕೋಟೆ ಬರುವ ವಾರ ಅಪ್ಪಾಜಿಗೆ ಊಟ ಸೇರುತ್ತಿರಲಿಲ್ಲ. ಯಾವಾಗ ಗಂಟುಮೂಟೆ ಕಟ್ಟಬೇಕಾಗುವುದೋ ಎಂದು ಅವರು ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಕೂಡ ಹೊಡೆದಿರಲಿಲ್ಲ. ಕ್ಯಾಲೆಂಡರು ಅಕ್ಕಿ ಡಬ್ಬದ ಮೇಲೆ ಒರಗಿಕೊಂಡಿತ್ತು. ಸೈಕಲ್ಲಿನ ಕ್ಯಾರಿಯರ್ ಮುರಿದಾಗ ತೆಂಗಿನ ಹುರಿಯಲ್ಲಿ ಬಿಗಿದು, "ಸದ್ಯಕ್ಕೆ ಹಂಗಾಮಿ" ಎಂದಿದ್ದರು. "ನಿಮ್ಮ ಹಂಗಾಮಿ ಹುರಿಗೆ ಮೂರು ವರ್ಷ ಆಯ್ತು ಕಣ್ರೀ" ಎಂದು ಅವ್ವ ನೆನಪಿಸುತ್ತಿದ್ದಳು.

ಹೀಗೆ ದಿನ ಬೆಳಗಾದರೆ ಕಿವಿಗೆ ಬೀಳುವ ಪದ ನನ್ನ ನಾಲಿಗೆಗೂ ಹತ್ತಿತು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಹೆಸರಿಗೆ ಮೊದಲು ನಿಂತು ಅದರ ಗುಣ ಹೇಳುವ ಪದಕ್ಕೆ ವಿಶೇಷಣ ಎನ್ನುತ್ತಾರೆ, ಒಂದೊಂದು ಉದಾಹರಣೆ ಕೊಡಿ ಎಂದರು. ಒಬ್ಬಳು ಕೆಂಪು ಹೂವು ಎಂದಳು. ಇನ್ನೊಬ್ಬ ದೊಡ್ಡ ಮರ ಎಂದ. ನನ್ನ ಸರದಿ ಬಂದಾಗ ಎದ್ದು ನಿಂತು ಗಟ್ಟಿಯಾಗಿ, "ಹಂಗಾಮಿ ಹೆಡ್‌ಮಾಸ್ಟರು" ಎಂದೆ. ಹಳೆಯ ಹೆಡ್‌ಮಾಸ್ಟರು ನಿವೃತ್ತರಾಗಿ, ಇದ್ದವರಲ್ಲೇ ಹಿರಿಯರೊಬ್ಬರು ಆ ಕುರ್ಚಿಯಲ್ಲಿ ಕೂರುತ್ತಿದ್ದ ಕಾಲ ಅದು. ಅವರು ಇನ್‌ಸ್ಪೆಕ್ಟರ ಪಕ್ಕದಲ್ಲೇ ನಿಂತಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ವಿಶೇಷಣ ಸರಿಯಾಗಿದೆ ಸಾರ್. ನಾಮಪದಕ್ಕೆ ಮಾತ್ರ ಸ್ವಲ್ಪ ನೋವಾಯ್ತು" ಎಂದರು. ಇನ್‌ಸ್ಪೆಕ್ಟರು ನಕ್ಕರು. ನಾನು ಬದುಕಿಕೊಂಡೆ.

ಅದೇ ವರ್ಷ ಅವ್ವನಿಗೆ ಕೆಮ್ಮು ಶುರುವಾಯಿತು.

ಮೊದಲು ಶುಂಠಿ ಕಷಾಯ, ಆಮೇಲೆ ಮಾತ್ರೆ, ಆಮೇಲೆ ತರೀಕೆರೆಯ ಆಸ್ಪತ್ರೆ. ಒಂದು ದಿನ ಸೆರಗಿನ ತುದಿಯಲ್ಲಿ ಕೆಂಪು ಕಂಡಿತು. ಡಾಕ್ಟರು ಕ್ಷಯ ಎಂದರು, ಮೈಸೂರಿನ ಕಡೆ ಇದಕ್ಕೇ ಇರುವ ದೊಡ್ಡ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇರಬೇಕು ಎಂದರು, ಮಕ್ಕಳು ಹತ್ತಿರ ಸುಳಿಯಬಾರದು ಎಂದರು. ನನಗಾಗ ಒಂಬತ್ತು. ತಂಗಿ ಮಂಗಳನಿಗೆ ಒಂದೂವರೆ ವರ್ಷ, ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅಪ್ಪಾಜಿ ಯಗಟಿಗೆ ಕಾಗದ ಬರೆದರು. ಯಗಟಿಯಲ್ಲಿದ್ದದ್ದು ಅವರ ಅಕ್ಕ ಹಾಲಮ್ಮ, ನಮಗೆ ಹಾಲತ್ತೆ. ಮದುವೆಯಾಗಿ ಐದಾರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಚೂರು ಹೊಲ ಮತ್ತು ಒಂದಷ್ಟು ಕುರಿ ಇಟ್ಟುಕೊಂಡು ಗಂಡನ ಊರಲ್ಲೇ ನಿಂತವಳು.

ಕಾಗದ ತಲುಪಿದ ಮರುದಿನವೇ ಅತ್ತೆ ಬಂದಳು. ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ರಾಗಿ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಒಳಗೆ ಬಂದವಳೇ ಅವ್ವನಿಗೆ, "ಹದಿನೈದು ದಿವಸ ಇರ್ತೀನಿ ಪಾರ್ವತಿ. ಅಷ್ಟರಾಗೆ ಇವನು ಯಾರನ್ನಾದ್ರೂ ಗೊತ್ತು ಮಾಡ್ಕೊಳ್ಲಿ. ಕುರಿನ ಮೈದುನನ ತಾವ ಬಿಟ್ಟು ಬಂದಿವ್ನಿ" ಎಂದಳು. ಅವ್ವ ಗಾಡಿ ಹತ್ತುವಾಗ ಮಂಗಳ ಅತ್ತೆಯ ಸೊಂಟದಲ್ಲಿ ರಂಪ ಮಾಡುತ್ತಿದ್ದಳು. ಅವ್ವ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದೆ ಎಂದು ಆಮೇಲೆ ಹೇಳಿದಳು.

ಹದಿನೈದು ದಿನ ತಿಂಗಳಾಯಿತು, ತಿಂಗಳು ಮೂರಾಯಿತು. ಬೇರೆ ಯಾರೂ ಗೊತ್ತಾಗಲಿಲ್ಲ. ಕ್ಷಯ ಎಂಬ ಮಾತು ಬೀದಿಯಲ್ಲಿ ಹರಡಿದ್ದರಿಂದ ನಮ್ಮ ಮನೆಯ ಹೊಸ್ತಿಲಿಗೆ ಜನ ಬರುವುದೇ ಕಡಿಮೆಯಾಗಿತ್ತು. ನಮ್ಮ ಜೊತೆ ಆಡಬೇಡಿ ಎಂದು ಪಕ್ಕದ ಮನೆಯವರು ಮಕ್ಕಳಿಗೆ ಹೇಳಿದ್ದರು. ಅತ್ತೆ ಜಗಳಕ್ಕೆ ಹೋಗಲಿಲ್ಲ. ಮನೆಯ ಪಾತ್ರೆ, ಹಾಸಿಗೆ, ಬಟ್ಟೆಯನ್ನೆಲ್ಲ ಬೀದಿಗೆ ಕಾಣುವ ಹಾಗೆ ಅಂಗಳದಲ್ಲಿ ಕುದಿನೀರು ಹಾಕಿ ತೊಳೆದು ಬಿಸಿಲಿಗೆ ಹರವಿದಳು. ಪ್ರತಿವಾರವೂ ಹಾಗೇ ಮಾಡಿದಳು. ಎರಡು ತಿಂಗಳಾದ ಮೇಲೆ ಪಕ್ಕದ ಮನೆಯವರೇ ಒಂದು ಲೋಟ ಮಜ್ಜಿಗೆ ಕೇಳಿಕೊಂಡು ಬಂದರು.

ಹಂಗಾಮಿ ಎಂದರೆ ಏನೆಂದು ಅತ್ತೆ ಕೇಳಿದ್ದು ಲಕೋಟೆ ಬರುವ ಒಂದು ವಾರದಲ್ಲಿ. ಅಪ್ಪಾಜಿ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದರು.

"ಯಾಕೋ ರುದ್ರ, ಮುದ್ದೆ ಹಂಗೇ ಐತಲ್ಲ" ಎಂದಳು ಅತ್ತೆ.

"ನಂದು ಹಂಗಾಮಿ ಕೆಲಸ ಅಕ್ಕ. ಈ ಸಲ ತೆಗೆದ್ರೂ ತೆಗೆದ್ರೇ."

"ಹಂಗಾಮಿ ಅಂದ್ರೆ?"

"ಸ್ವಲ್ಪ ದಿನಕ್ಕೆ ಅಂತ. ಆಮೇಲೆ ಇರಲ್ಲ ಅಂತ."

ಅತ್ತೆ ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಟ್ಟಳು. "ಅದಕ್ಕೆ ಇಷ್ಟು ಮಖ ಇಳಿಸ್ಬೇಕಾ? ನಮ್ಮೂರಾಗೆ ಬಿತ್ತನೆಗೆ ಒಂದು ಹಂಗಾಮು, ಕುಯ್ಲಿಗೆ ಒಂದು ಹಂಗಾಮು. ಅವರೆಕಾಯಿ ಹಂಗಾಮಿನಾಗೆ ಬತ್ತದೆ, ಸೊಗಡು ತೋರಿಸಿ ಹೋಯ್ತದೆ. ವರ್ಷಪೂರ್ತಿ ಬಿಡೋದಾಗಿದ್ರೆ ಅವರೆಕಾಯಿಗೆ ಯಾರು ಕಾಯ್ತಿದ್ರು? ಹಂಗಾಮಿ ಅಂದ್ರೆ ಅದರ ಕಾಲಕ್ಕೆ ಬಂದಿದ್ದು ಅಂತ. ಉಣ್ಣು."

ಅಪ್ಪಾಜಿ ಉಂಡರು. ಎಷ್ಟೋ ವರ್ಷದ ಮೇಲೆ ನಾನು ನಿಘಂಟು ತೆಗೆದು ನೋಡಿದೆ. ಹಂಗಾಮು, ಹಂಗಾಮಿ ಎರಡೂ ಒಂದೇ ಬೇರಿನವಂತೆ. ಓದು ಬರಹ ಬಾರದ ಅತ್ತೆ ಅದನ್ನು ಸಾರು ಬಡಿಸುತ್ತ ಹೇಳಿಬಿಟ್ಟಿದ್ದಳು.

ಅವತ್ತಿನಿಂದ ಆ ಪದವನ್ನು ಅತ್ತೆ ತನಗೇ ಇಟ್ಟುಕೊಂಡಳು. ಕಾರಣ ಮಂಗಳ. ಕೂಸು ಒಂದೆರಡು ತಿಂಗಳಲ್ಲೇ ಅತ್ತೆಯನ್ನು "ಅವ್ವ" ಎನ್ನತೊಡಗಿತ್ತು. ಬೇರೆ ಯಾರಾದರೂ ಆಗಿದ್ದರೆ, ಅದರಲ್ಲೂ ಮಡಿಲಲ್ಲಿ ಮಗು ಆಡದ ಹೆಂಗಸಾಗಿದ್ದರೆ, ಆ ಕರೆಗೆ ಕರಗಿ ಸುಮ್ಮನಾಗುತ್ತಿದ್ದರು. ಅತ್ತೆ ಪ್ರತಿಸಲವೂ ಕೆಲಸ ನಿಲ್ಲಿಸಿ, ಕೂಸಿನ ಗಲ್ಲ ಹಿಡಿದು ತಿದ್ದುತ್ತಿದ್ದಳು. "ಅವ್ವ ಮೈಸೂರಾಗವ್ಳೆ. ನಾನು ಅವ್ವ ಅಲ್ಲ. ನಾನು ಹಂಗಾಮಿ. ಏನು ಹೇಳು?"

"ಅಂಗಾಮಿ" ಎಂದಿತು ಕೂಸು.

ಅಲ್ಲಿಗೆ ಅತ್ತೆಯ ಹೆಸರೇ ಅಂಗಾಮಿ ಆಯಿತು. ಅಂಗಾಮಿ ಹಾಲು, ಅಂಗಾಮಿ ಉಚ್ಚೆ, ಅಂಗಾಮಿ ಎತ್ಕೋ. ಬೀದಿಯವರು ಅದನ್ನೇ ಅವಳ ನಿಜವಾದ ಹೆಸರೆಂದು ತಿಳಿದು ಅಂಗಾಮಮ್ಮ ಎಂದು ಕರೆದರು. ಒಂದು ಸೋಮವಾರ ಭಿಕ್ಷಕ್ಕೆ ಬಂದ ಅಯ್ಯನವರು, "ಅಂಗಾಮಮ್ಮ ಅನ್ನೋದು ಯಾವ ಊರಿನ ದೇವರ ಹೆಸರು ತಾಯಿ?" ಎಂದು ಕೇಳಿದರು. ಅತ್ತೆ ನಗಲಿಲ್ಲ. "ತರೀಕೆರೆ ತಾಲ್ಲೂಕಾಫೀಸಿನ ದೇವರು ಬುದ್ಧೀ" ಎಂದಳು. ಅಪ್ಪಾಜಿ ಒಳಗೆ ಬಾಯಿಗೆ ಟವೆಲ್ ಒತ್ತಿಕೊಂಡರು.

ಅವ್ವ ಆಸ್ಪತ್ರೆಯಿಂದ ಕಾರ್ಡು ಬರೆಯುತ್ತಿದ್ದಳು. ಓದುವವಳೂ ಉತ್ತರ ಬರೆಯುವವಳೂ ನಾನು, ಹೇಳಿ ಬರೆಸುವವಳು ಅತ್ತೆ. ಪ್ರತಿ ಕಾರ್ಡಿನ ಕೊನೆಗೂ ಅವ್ವ ಒಂದೇ ಮಾತು ಕೇಳುತ್ತಿದ್ದಳು, ಮಂಗಳ ನನ್ನ ಕೇಳುತ್ತಾಳಾ ಎಂದು.

"ದಿನಾ ಕೇಳ್ತಾಳೆ ಅಂತ ಬರಿ" ಎಂದಳು ಅತ್ತೆ.

"ಕೇಳಲ್ವಲ್ಲ ಅತ್ತೆ. ಸುಳ್ಳು ಬರೀಬಾರ್ದು ಅಂತ ಮೇಷ್ಟ್ರು ಹೇಳವ್ರೆ."

"ನೀನು ಬರಿ ವಿಶಾಲೂ. ಅದು ಮೈಸೂರಿಗೆ ಹೋಗೋದ್ರೊಳಗೆ ನಿಜ ಮಾಡಾನ."

ಅಂದೇ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಅವ್ವ ಎಲ್ಲವ್ಳೆ ಕೇಳು" ಎಂದು ಕಲಿಸಿದಳು. ಕೂಸು ಗಿಳಿಯ ಹಾಗೆ, "ಅವ್ವ ಎಲ್ಲವ್ಳೆ?" ಎಂದಿತು. ಅತ್ತೆ ರೈಲ್ವೆ ಸ್ಟೇಷನ್ನಿನ ಕಡೆ ಕೈ ತೋರಿಸಿ, "ಆ ರೈಲಾಗೆ ಬತ್ತಾಳೆ" ಎಂದಳು. ಒಂದು ಸಂಜೆಯೂ ಅದು ತಪ್ಪಲಿಲ್ಲ. ನಾವು ಬರೆದದ್ದರಲ್ಲಿ ಆಮೇಲೆ ಸುಳ್ಳು ಇರಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ ಅವ್ವ ಗುಣವಾಗಿ ಬಂದಳು. ನಾವೆಲ್ಲ ಸ್ಟೇಷನ್ನಿಗೆ ಹೋಗಿದ್ದೆವು. ರೈಲಿನಿಂದ ಇಳಿದ ಅವ್ವ ಕೆನ್ನೆ ತುಂಬಿಕೊಂಡು, ಸ್ವಲ್ಪ ಬೆಳ್ಳಗಾಗಿ, ಯಾರೋ ಬೇರೆ ಊರವರ ಹಾಗೆ ಕಂಡಳು. ನನ್ನ ತಲೆ ಸವರಿ ಮಂಗಳನಿಗೆ ಕೈ ಚಾಚಿದಳು. ಮಂಗಳ ಕಿರುಚಿಕೊಂಡು ಅತ್ತೆಯ ಕುತ್ತಿಗೆಯನ್ನು ಅಪ್ಪಿ ಮುಖ ಮುಚ್ಚಿಕೊಂಡಳು. "ಅವ್ವ ಕಣೇ, ದಿನಾ ಕೇಳ್ತಿದ್ದೆಯಲ್ಲ" ಎಂದು ಅತ್ತೆ ಬೆನ್ನು ತಟ್ಟಿದಷ್ಟೂ ಹಿಡಿತ ಬಿಗಿಯಾಯಿತು. ಅವ್ವ ಚಾಚಿದ ಕೈಯನ್ನು ನಿಧಾನವಾಗಿ ಸೆರಗಿನೊಳಗೆ ಎಳೆದುಕೊಂಡು, "ಇರ್ಲಿ ಬಿಡಿ ಅತ್ತಿಗೆ. ರೂಢಿಯಾಗ್ತದೆ" ಎಂದಳು.

ರೂಢಿಯಾಗಲಿಲ್ಲ. ಅವ್ವ ಬಿಸ್ಕತ್ತು ಕೊಟ್ಟರೆ ಮಂಗಳ ಬಿಸ್ಕತ್ತು ಇಸಿದುಕೊಂಡು ಅತ್ತೆಯ ಹಿಂದೆ ಹೋಗಿ ತಿನ್ನುತ್ತಿದ್ದಳು. ಅವ್ವ ಜಡೆ ಹಾಕಲು ಕರೆದರೆ ಎರಡು ಕೈಯಲ್ಲೂ ತಲೆ ಮುಚ್ಚಿಕೊಳ್ಳುತ್ತಿದ್ದಳು. ಮೂರು ವಾರ ಅವ್ವ ತಡೆದುಕೊಂಡಳು. ಒಂದು ಮಧ್ಯಾಹ್ನ ಮಂಗಳ ಅವ್ವ ಕಲಸಿದ ಅನ್ನವನ್ನು ಉಗಿದು, "ಅಂಗಾಮಿ ಬೇಕು" ಎಂದು ಹಟ ಹಿಡಿದಾಗ, ಅವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಎದ್ದು ನಿಂತಳು.

"ನೀವೇ ಇಟ್ಕೊಳ್ಳಿ ಅತ್ತಿಗೆ. ನಾನು ಅಲ್ಲೇ ಸತ್ತಿದ್ರೆ ಇದಕ್ಕೆ ಗೊತ್ತೂ ಆಗ್ತಿರ್ಲಿಲ್ಲ."

ಅತ್ತೆ ಚೆಲ್ಲಿದ ಅನ್ನವನ್ನು ಬಳಿದು ತಟ್ಟೆಗೆ ಹಾಕಿ ಹಿತ್ತಲಿಗೆ ಹೋದಳು.

ಮುಂದಿನ ಭಾನುವಾರ ಮಂಗಳನಿಗೆ ಎಣ್ಣೆ ನೀರು. ಈ ಕೆಲಸದಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಎಡಗೈಯನ್ನು ಕೂಸಿನ ಹಣೆಗೆ ಅಡ್ಡವಾಗಿಟ್ಟು ತಲೆಯನ್ನು ಹಿಂದಕ್ಕೆ ವಾಲಿಸಿ ನೀರು ಹುಯ್ದರೆ, ಸೀಗೆಯ ನೀರು ಒಂದು ತೊಟ್ಟೂ ಕಣ್ಣಿಗೆ ಇಳಿಯುತ್ತಿರಲಿಲ್ಲ. ಮಂಗಳ ಬಚ್ಚಲಲ್ಲಿ ಹಾಡು ಹೇಳಿಕೊಂಡು ಕೂರುತ್ತಿದ್ದಳು. ಅವತ್ತು ನಾನು ಹಂಡೆಯ ಒಲೆಗೆ ತೆಂಗಿನ ಗರಿ ತುಂಬುತ್ತ ಪಕ್ಕದಲ್ಲೇ ಇದ್ದೆ. ಅತ್ತೆ ಸೀಗೆಪುಡಿ ತಿಕ್ಕಿದಳು, ಚೊಂಬು ಎತ್ತಿದಳು, ಎಡಗೈಯನ್ನು ಮಾತ್ರ ಹಣೆಗೆ ತರಲಿಲ್ಲ. ಅದು ಅವಳ ಮಂಡಿಯ ಮೇಲೇ ಇತ್ತು. ಬಿಸಿನೀರು ನೇರವಾಗಿ ಕೂಸಿನ ಮುಖದ ಮೇಲಿಂದ ಇಳಿಯಿತು.

ಮಂಗಳ ಚೀರಿಕೊಂಡು ಎದ್ದು, ಕಣ್ಣು ಬಿಡಲಾಗದೆ ಗೋಡೆ ತಡವುತ್ತ ಒಳಗೆ ಓಡಿದಳು. ನಡುಮನೆಯಲ್ಲಿ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಸೀಗೆ ಮೆತ್ತಿಕೊಂಡ ಒದ್ದೆ ಮೈ ಮೊರದ ಮೇಲೇ ಬಿದ್ದು ಅಕ್ಕಿಯೆಲ್ಲ ಚೆಲ್ಲಿತು. "ಅವ್ವಾ, ಕಣ್ಣು, ಅವ್ವಾ" ಎಂದು ಮಂಗಳ ಅವ್ವನ ಸೆರಗಿನೊಳಗೆ ಮುಖ ತೂರಿಸಿದಳು. ಅವ್ವ ಸೆರಗಿನಿಂದ ಒರೆಸುತ್ತ, ಊದುತ್ತ, ಮತ್ತೆ ಒರೆಸುತ್ತ, ಏನೇನೋ ಹೇಳುತ್ತ, ಅಕ್ಕಿಯ ನಡುವೆ ಹಾಗೇ ಕೂತಳು.

ಅತ್ತೆ ಬಚ್ಚಲ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. "ಉಳಿದ ನೀರು ನೀನೇ ಹಾಕ್ಬಿಡು ಪಾರ್ವತಿ. ನನ್ನ ಕೈ ಯಾಕೋ ಜಾರ್ತದೆ" ಎಂದಳು. ಅಂದಿನಿಂದ ಮಂಗಳ ಅತ್ತೆಯ ಕೈಯಿಂದ ನೀರು ಹಾಕಿಸಿಕೊಳ್ಳಲಿಲ್ಲ. ನೀರಿನ ಹಿಂದೆ ಜಡೆ ಬಂತು, ಜಡೆಯ ಹಿಂದೆ ತುತ್ತು ಬಂತು.

ವಾರ ಕಳೆದ ಮೇಲೆ ಅತ್ತೆ ಬಟ್ಟೆಯ ಗಂಟು ಕಟ್ಟಿದಳು. ಕುರಿಯ ಉಣ್ಣೆ ಕತ್ತರಿಸುವ ಕಾಲ ಬಂತು ಎಂದಳು. "ಇನ್ನೊಂದು ತಿಂಗಳು ಇರಕ್ಕ" ಎಂದರು ಅಪ್ಪಾಜಿ. "ಹಂಗಾಮು ಮುಗೀತು ಕಣೋ. ಬತ್ತೀನಿ" ಎಂದಳು. ಮಂಗಳ ಅವ್ವನ ಪಕ್ಕದಲ್ಲಿ ಇನ್ನೂ ಮಲಗಿದ್ದಳು. ಎಚ್ಚರವಾದೀತೆಂದು ಅತ್ತೆ ಅವಳನ್ನು ಮುಟ್ಟಲಿಲ್ಲ. ಬೆಳಗಿನ ಬೀರೂರು ಬಸ್ಸಿಗೆ ಹೋಗಿಬಿಟ್ಟಳು.

ಮಂಗಳ ಎರಡು ದಿನ ಬಾಗಿಲಿಗೆ ಹೋಗಿ ಅಂಗಾಮೀ ಎಂದು ಕೂಗಿ, ಮೂರನೇ ದಿನ ಬೆಕ್ಕಿನ ಮರಿಯ ಹಿಂದೆ ಬಿದ್ದು ಮರೆತಳು. ಮರೆಯದವಳು ನಾನು. ಅವ್ವನ ಮುದ್ದೆಯಲ್ಲಿ ಗಂಟು ಇದೆ ಎಂದು ತಟ್ಟೆ ತಳ್ಳಿದೆ. ಅತ್ತೆಯನ್ನು ಓಡಿಸಿದವಳು ನೀನೇ ಎಂದು ಮುಖದ ಮೇಲೆ ಹೇಳಿದೆ. ರೋಗದಿಂದ ಎದ್ದು ಬಂದ ತಾಯಿಗೆ ಹಾಗೆ ಹೇಳಿದ ನನ್ನ ಬಾಯಿಗೆ ಅವತ್ತು ಯಾರಾದರೂ ಸೀಗೆಪುಡಿ ಹಾಕಬೇಕಿತ್ತು. ಅವ್ವ ಮುದ್ದೆಯ ಗಂಟು ಒಡೆದು ಮತ್ತೆ ಬಡಿಸಿದಳು.

ಕೆಲವು ವರ್ಷದ ಮೇಲೆ ಅಪ್ಪಾಜಿಯ ಕೆಲಸ ಖಾಯಂ ಆಯಿತು. ಆದೇಶ ಬಂದ ದಿನ ಪೇಡ ತಂದರು, ಸುತ್ತಿಗೆಯನ್ನೂ ತಂದರು. ಎಲ್ಲರನ್ನೂ ಕರೆದು ನಿಲ್ಲಿಸಿ ಗೋಡೆಗೆ ಮೊದಲ ಮೊಳೆ ಹೊಡೆದರು. ಮೊಳೆಯ ಸಮೇತ ಅಂಗೈ ಅಗಲದ ಗಾರೆ ಕಳಚಿ ಬಿತ್ತು. ಕ್ಯಾಲೆಂಡರು ಮರಳಿ ಅಕ್ಕಿ ಡಬ್ಬದ ಮೇಲೆ ಹೋಯಿತು.

ಎಂಬತ್ತರ ದಶಕದ ನಡುವಿನಲ್ಲಿ ನಾನು ಟಿ.ಸಿ.ಎಚ್. ಮುಗಿಸಿ ಮನೆಯಲ್ಲಿದ್ದಾಗ ನನಗೂ ಒಂದು ಕಂದು ಲಕೋಟೆ ಬಂತು. ಯಗಟಿಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರೊಬ್ಬರು ದೀರ್ಘ ರಜೆಯ ಮೇಲೆ ಹೋಗಿದ್ದರು. ಅವರು ಬರುವವರೆಗೆ ಹಂಗಾಮಿ. ಅಪ್ಪಾಜಿ ಲಕೋಟೆಯನ್ನು ನೋಡಿಯೇ ಕುಗ್ಗಿದರು. "ನಾನು ಪಟ್ಟಿದ್ದು ಸಾಕು. ನೀನು ಬೇಡ" ಎಂದರು.

ಅವ್ವ ಮಾತ್ರ, "ಹೋಗ್ಲಿ, ಅತ್ತಿಗೆ ಹತ್ರ ಇರ್ತಾಳೆ" ಎಂದಳು. ನನ್ನ ಪೆಟ್ಟಿಗೆಗೆ ಬಟ್ಟೆ ಮಡಿಸಿಡುತ್ತ, ಆ ಹತ್ತು ವರ್ಷಗಳಲ್ಲಿ ಒಮ್ಮೆಯೂ ಎತ್ತದ ಮಾತನ್ನು ಎತ್ತಿದಳು. "ಹದಿನಾಕು ತಿಂಗಳು ಕಣ್ಣಿಗೆ ಒಂದು ತೊಟ್ಟು ಬೀಳ್ದಂಗೆ ನೀರು ಹಾಕ್ದೋರಿಗೆ ಅವತ್ತೇ ಕೈ ಜಾರ್ತಾ ವಿಶಾಲಾ? ನಾನು ಅಷ್ಟು ದಡ್ಡಿಯಲ್ಲ. ಆಸ್ಪತ್ರೆಯೋರು ನನ್ನ ಬದುಕಿಸಿದ್ರು. ಮಗೂನ ನನಗೆ ವಾಪಸ್ಸು ಕೊಟ್ಟೋರು ಅತ್ತಿಗೆ. ಅದನ್ನ ಬಾಯಿಬಿಟ್ಟು ಅವರಿಗೆ ಹೇಳೋಕೆ ನನ್ನ ಕೈಲಿ ಆಗಿಲ್ಲ. ಹೇಳಿದ್ರೆ ಅವರು ಕೈ ಜಾರ್ತು ಅಂತಾನೇ ಅಂತಾರೆ."

ಯಗಟಿಯಲ್ಲಿ ಅತ್ತೆಯ ಜೊತೆ ಹತ್ತು ತಿಂಗಳಿದ್ದೆ. ಎರಡು ಅಂಕಣದ ಮನೆ, ಹಿಂದೆ ಕುರಿಯ ರೊಪ್ಪ, ಮುಂದೆ ನಾಲ್ಕು ತೆಂಗಿನ ಮರ. ಬೆಳಿಗ್ಗೆ ನಾನು ಶಾಲೆಗೆ, ಅತ್ತೆ ಕುರಿಯ ಹಿಂದೆ. ಒಂದು ದಿನ ಪಕ್ಕದ ಮನೆಯ ಪುಟ್ಟಮ್ಮ ನನ್ನ ಜೊತೆ ನೀರು ಸೇದುತ್ತ, "ನಿಮ್ಮತ್ತೆ ಅಜ್ಜಂಪುರಕ್ಕೆ ಹೋಗುವಾಗ ಇಪ್ಪತ್ತೆರಡು ಕುರಿ ಇದ್ವು ಕಣವ್ವ. ತಿರುಗಿ ಬಂದಾಗ ರೊಪ್ಪದಾಗೆ ಆರು. ಉಳಿದೋವು ರೋಗ ಬಂದು ಹೋದ್ವು ಅಂದ ಮೈದುನ. ರೋಗವೋ ಸಂತೆಯೋ, ಆ ಶಿವನಿಗೇ ಗೊತ್ತು. ಹಾಲಮ್ಮ ಒಂದು ಮಾತು ಆಡ್ಲಿಲ್ಲ. ಆರರಿಂದ ಮತ್ತೆ ಶುರು ಮಾಡಿದ್ಲು" ಎಂದಳು.

ಕೊಡ ಹೊತ್ತು ಮನೆಗೆ ಬಂದವಳು ಅತ್ತೆಯನ್ನು ಕೇಳಿದೆ. "ಯಾಕೆ ನಮಗೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ಮುದ್ದೆ ಬಿಡ್ತಿದ್ದ" ಎಂದಳು. ಅಷ್ಟು ಹೇಳಿ ರೊಪ್ಪಕ್ಕೆ ಹೋಗಿ ಮರಿಗಳಿಗೆ ಸೊಪ್ಪು ಕಟ್ಟಿದಳು. ಆಗ ಅಲ್ಲಿ ಮೂವತ್ತರ ಹತ್ತಿರ ಕುರಿಗಳಿದ್ದವು.

ರಜೆ ಮುಗಿಸಿ ಖಾಯಂ ಟೀಚರು ಬಂದರು. ಕೊನೆಯ ದಿನ ಮಕ್ಕಳು ಊರ ಬೇಲಿಯವರೆಗೂ ನನ್ನ ಹಿಂದೆ ಬಂದರು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಸೆರಗು ಬಿಡದೆ ಬಿಕ್ಕಿದಳು. ಮುಂದೆ ಎಷ್ಟೋ ಶಾಲೆಗಳಲ್ಲಿ ಕೆಲಸ ಮಾಡಿದೆ, ನನ್ನ ಹೆಸರಿಗೂ ಖಾಯಂ ಬಂತು. ಆದರೆ ಆ ಹತ್ತು ತಿಂಗಳ ಮಕ್ಕಳ ಮುಖ ನೆನಪಿರುವಷ್ಟು ಬೇರೆ ಯಾವುದೂ ನೆನಪಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತು ಅಳುತ್ತಿದ್ದೆ. ಅತ್ತೆ ಕುರಿ ಹೊಡೆದುಕೊಂಡು ಬಂದಳು, ರೊಪ್ಪದ ಗೇಟು ಮುಚ್ಚಿದಳು, ಕಾಲು ತೊಳೆದು ನನ್ನ ಪಕ್ಕ ಕೂತಳು.

ನಾನೇ ಕೇಳಿದೆ. "ಅವತ್ತು ಮಂಗಳನ್ನ ಬಿಟ್ಟು ಬಂದ್ಯಲ್ಲ ಅತ್ತೆ, ನಿಂಗೆ ನೋವಾಗ್ಲಿಲ್ವಾ?"

"ಆಗ್ದೆ ಏನು. ಬಸ್ಸು ಹೊರಟಾಗಿಂದ ಬೀರೂರು ತಂಕ ಅಳ್ತಾನೇ ಇದ್ದೆ. ಬಾಯಿಗೆ ಸೆರಗು ಇಟ್ಕೊಂಡ್ರೂ ನಿಲ್ಲವಲ್ದು. ಪಕ್ಕದಾಗೆ ಒಬ್ಳು ಹೆಂಗಸು ಕೂತಿದ್ಲು. ಪಾಪ, ಬೆನ್ನು ಸವರಿ, ಯಾರು ಹೋಗ್ಬಿಟ್ರು ತಾಯಿ, ಅಂತ ಕೇಳಿದ್ಲು."

"ನೀನೇನಂದೆ?"

"ಯಾರೂ ಹೋಗಿಲ್ಲ ಕಣವ್ವ, ಹೋದೋಳು ಬಂದವ್ಳೆ, ಅಂದೆ. ಅವಳಿಗೆ ಏನೂ ತಿಳೀಲಿಲ್ಲ. ಸುಮ್ಮನೆ ಕಿಟಕಿ ಕಡೆ ತಿರುಗಿದ್ಲು."

ಅತ್ತೆ ಕಾಲು ನೀವಿಕೊಳ್ಳುತ್ತ ಮುಂದುವರಿಸಿದಳು. "ಆಮೇಲೆ ಬೀರೂರಾಗೆ ಇಳಿದ್ನಾ, ಹಸಿವಾಯ್ತು. ಎಂಥ ಹಸಿವು ಅಂತೀಯ. ಓಟ್ಲಿಗೆ ಹೋಗಿ ಎರಡು ಪ್ಲೇಟು ಇಡ್ಲಿ ತಿಂದೆ."

"ಎರಡು ಪ್ಲೇಟಾ?" ಎಂದೆ. ಅಳುವಿನ ನಡುವೆಯೇ ನನಗೆ ನಗು ಬಂದಿತ್ತು.

"ಊಂ ಕಣೇ. ಹದಿನಾಕು ತಿಂಗಳು ಆ ಕೂಸಿಗೆ ತುತ್ತು ಇಕ್ಕಿ ಇಕ್ಕಿ, ಒಂದು ದಿನಾನೂ ನಾನು ಕೂತು ಪೂರ್ತಿ ಉಂಡಿರ್ಲಿಲ್ಲ. ಅವತ್ತು ಕೂತು ಉಂಡೆ. ಬಿಸಿಯಾಗಿತ್ತು. ಬಲು ಚೆನ್ನಾಗಿತ್ತು."